ಮೂವತ್ತೆರಡು ಬಾಟಲಿ, ಒಂದೇ ಬಣ್ಣ

"ಇದು ಆಗೋ ಕೆಲ್ಸ ಅಲ್ಲ ಕಣ್ಲಾ" ಎಂದು ಮೊದಲು ಹೇಳಿದವನು ಗಾಣದ ಮನೆಯ ಮೇಸ್ತ್ರಿ ಸಿದ್ದೇಗೌಡ. ಬೆನ್ನ ಹಿಂದೆ ಆಡಿಕೊಳ್ಳಲಿಲ್ಲ, ಹತ್ತು ಜನರ ಮುಂದೆ ನನ್ನ ಮುಖಕ್ಕೇ ಹೇಳಿದ. "ನಮ್ ಜನ ಪ್ರಾಣ ಕೇಳಿದ್ರೂ ಕೊಟ್ಟಾರು. ಬಾಟ್ಲಿಲಿ ಉಚ್ಚೆ ಇಡ್ಕಂಡು ಬಾ ಅಂದ್ರೆ ಯಾವನೂ ಬರಾಕಿಲ್ಲ. ಬಂದ್ರೆ ನನ್ ಅರ್ಧ ಮೀಸೆ ಬೋಳುಸ್ಕತೀನಿ."

ಮೊನ್ನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುತ್ತಿದ್ದಾಗ ಬಸ್ಸು ಒಂದು ಆಲೆಮನೆಯ ಪಕ್ಕ ನಿಧಾನವಾಯಿತು. ಕೊಪ್ಪರಿಗೆಯಲ್ಲಿ ಕಾಯುತ್ತಿದ್ದ ಕಬ್ಬಿನ ಹಾಲಿನ ವಾಸನೆ ಕಿಟಕಿಯೊಳಗೆ ನುಗ್ಗಿತು. ಬಸ್ಸಿನಲ್ಲಿದ್ದವರಿಗೆಲ್ಲ ಬೆಲ್ಲ ನೆನಪಾಯಿತೋ ಏನೋ. ನನಗೆ ನೆನಪಾದದ್ದು ಸಿದ್ದೇಗೌಡನ ಮೀಸೆ. ಒಬ್ಬನೇ ನಕ್ಕೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗುವನ್ನು ಸ್ವಲ್ಪ ಆ ಕಡೆ ಸರಿಸಿಕೊಂಡಳು.

ಯುದ್ಧ ನಿಂತ ವರ್ಷ ಅದು. ಮದ್ದೂರಿನ ಆಚೆ, ಶಿಂಷಾ ಹೊಳೆಯ ದಡದಲ್ಲಿ ಒಂದು ಚಿಕ್ಕ ಸಕ್ಕರೆ ಮಿಲ್ಲಿತ್ತು. ಈಗ ಅದರ ಗೋಡೆಯೂ ಉಳಿದಿಲ್ಲ. ನಾನು ಅಲ್ಲಿನ ಪ್ರಯೋಗಶಾಲೆಗೆ ಹೊಸದಾಗಿ ಸೇರಿದ್ದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲನೆಯವನು ನಾನು, ಬಿ.ಎಸ್ಸಿ. ಮಾಡಿದವನಂತೂ ಸುತ್ತ ಏಳು ಹಳ್ಳಿಗೆ ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಸುಲಭವಾಗಿ ಬಂದದ್ದಾಗಿದ್ದರೆ ಸಂಕೋಚಪಡಬಹುದಿತ್ತು.

ಆ ಓದಿನ ಅರ್ಧ ಪಾಲು ನನ್ನ ಸೋದರಮಾವ ಕೆಂಪಣ್ಣನದು. ನಾಲ್ಕು ವರ್ಷ, ತಿಂಗಳಿಗೊಂದು ಸಲ, ಹೆಗಲ ಮೇಲೆ ರಾಗಿ ಹಿಟ್ಟಿನ ಮೂಟೆ ಹೊತ್ತು ಮೈಸೂರಿನ ಹಾಸ್ಟೆಲಿಗೆ ಬರುತ್ತಿದ್ದ. ಗಣಿತದಲ್ಲಿ ಫೇಲಾದಾಗ, "ಸಾಕು ಮಾವ, ಊರ್ಗೆ ಬಂದು ನೇಗಿಲು ಹಿಡೀತೀನಿ" ಎಂದೆ. ಮಾವ ಮೂಟೆ ಇಳಿಸಿದವನು ಬೆವರು ಕೂಡ ಒರೆಸಿಕೊಳ್ಳದೆ ನನ್ನನ್ನೇ ನೋಡಿದ. "ಒಂದ್ಸಲ ಬೆನ್ನು ಮಣ್ಣಾದ್ರೆ ಗರಡಿ ಬುಟ್ಟು ಓಯ್ತಾರೇನ್ಲಾ? ಮೈ ಕೊಡವ್ಕಂಡು ಎದ್ದೇಳು" ಎಂದ. ಅವನು ಗರಡಿಯ ಆಳು. ಸುತ್ತಲಿನವರೆಲ್ಲ ಪೈಲ್ವಾನ್ ಕೆಂಪಣ್ಣ ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು.

ಅದೇ ಮಿಲ್ಲಿನಲ್ಲಿ ಪಾಕ ಕುದಿಸುವ ಕೆಲಸ ಮಾವನದು. ಆಳೆತ್ತರದ ಕಬ್ಬಿಣದ ಪಾತ್ರೆಯಲ್ಲಿ ಪಾಕ ಕುದಿಯುವಾಗ ಯಾವ ಗಳಿಗೆಯಲ್ಲಿ ಕಾಳು ಕಟ್ಟುತ್ತದೆಂದು ತಿಳಿಯಬೇಕು. ಸ್ವಲ್ಪ ಮುಂಚೆ ಇಳಿಸಿದರೆ ನೀರು, ತಡವಾದರೆ ಕಲ್ಲು. ಮಾವ ಕಡ್ಡಿಯಲ್ಲಿ ಒಂದಿಷ್ಟು ಪಾಕ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಎಳೆದು ನೋಡಿ, ಆಮೇಲೆ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಿದ್ದ. ಕಣ್ಣು ಮುಚ್ಚಿ ನಾಲಿಗೆ ಆಡಿಸಿ, "ಇಳುಸ್ರಲಾ" ಎನ್ನುತ್ತಿದ್ದ. ಅವನ ಲೆಕ್ಕ ತಪ್ಪಿದ್ದೇ ಇಲ್ಲ. ದಿನಕ್ಕೆ ಎಷ್ಟು ಸಲ ಹಾಗೆ ನೆಕ್ಕುತ್ತಿದ್ದನೋ ಆ ದೇವರಿಗೇ ಗೊತ್ತು. ಅದರ ಮೇಲೆ ಕಬ್ಬಿನ ಹಾಲು. ಊರಿನಲ್ಲಿ ಸಕ್ಕರೆಗೆ ರೇಷನ್ನು, ಮದುವೆ ಮನೆಯವರು ಅಮಲ್ದಾರರ ಕಚೇರಿಗೆ ಅಲೆಯುತ್ತಿದ್ದ ಕಾಲ. ಮಿಲ್ಲಿನ ಒಳಗೆ ಮಾತ್ರ ಯಾರು ಎಷ್ಟು ಚೊಂಬು ಹಾಲು ಎತ್ತಿದರೂ ಕೇಳುವವರಿರಲಿಲ್ಲ.

ಆ ಹಂಗಾಮು ದಸರಾ ಆದಮೇಲೆ ಶುರುವಾಯಿತು. ಮೊದಲ ವಾರದಲ್ಲೇ ಡಾಕ್ಟರು ನನ್ನನ್ನು ಕರೆಸಿದರು. ಮಂಡ್ಯದಿಂದ ಮಂಗಳವಾರಕ್ಕೊಮ್ಮೆ ರೈಲಿನಲ್ಲಿ ಬರುತ್ತಿದ್ದ, ಬಿಳಿ ಪೇಟದ, ಸಣ್ಣಗಿನ ಮನುಷ್ಯ. ಹಿಂದಿನ ಹಂಗಾಮಿನಲ್ಲಿ ಗೋದಾಮಿನ ಚೆನ್ನಯ್ಯ ಎಂಬಾತನಿಗೆ ಕಾಲ್ಬೆರಳಿನ ಗಾಯ ಮಾಯದೆ, ಕೊನೆಗೆ ಮಂಡಿಯವರೆಗೆ ಕಾಲು ತೆಗೆಯಬೇಕಾಗಿತ್ತು. ಅದು ಡಾಕ್ಟರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

"ಸಿಹಿ ಮೂತ್ರದ ಕಾಯಿಲೆ ಅಯ್ಯಾ. ನಮಗೆ ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. ಇಲ್ಲಿ ಹಾಲು ಕುಡಿದು ಕುಡಿದು ಇನ್ನೂ ಎಷ್ಟು ಜನ ಹಾಗಿದಾರೋ ಏನೋ. ಎಲ್ಲರನ್ನೂ ತೂಕ ಹಾಕೋಣ, ಎಲ್ಲರ ಮೂತ್ರ ನೋಡೋಣ. ನಿನ್ನ ಹತ್ತಿರ ಪ್ರನಾಳ ಇದೆ, ದೀಪ ಇದೆ, ಓದಿದೀಯ. ಮಾಡ್ತೀಯಾ?"

ಮಾಡುತ್ತೇನೆ ಎಂದೆ. ಸುದ್ದಿ ಒಂದು ಗಂಟೆಯಲ್ಲಿ ಮಿಲ್ಲೆಲ್ಲ ಹರಡಿತು. ಸಿದ್ದೇಗೌಡ ಮೀಸೆಯ ಪಂಥ ಕಟ್ಟಿದ್ದು ಆಗಲೇ. ನಾನಿದ್ದದ್ದು ಮಾವನ ಮನೆಯಲ್ಲೇ; ಸಂಜೆ ಬಂದರೆ ಪುಟ್ಟಮ್ಮತ್ತೆ, ಮಾವನ ಹೆಂಡತಿ, ಬಾಗಿಲಲ್ಲೇ ನಿಂತಿದ್ದಳು.

"ಏನಪ್ಪಾ ಮಗ, ಉಚ್ಚೆ ನೋಡ ಕೆಲ್ಸಕ್ಕಾ ಅಷ್ಟು ವರ್ಸ ಓದಿದ್ದು? ನಿಮ್ಮಾವ ಅದ್ಕಾ ರಾಗಿ ಹೊತ್ತಿದ್ದು? ನೀರ್ ಬಾವಿತಾವ ನಗಾಡ್ತಾವರೆ, ನಂಗೆ ಕೊಡ ಎತ್ತಕ್ಕೂ ನಾಚ್ಕೆ ಆಯ್ತು."

ನನಗೆ ರೇಗಿತು. ಕಾಲು ಕೂಡ ತೊಳೆಯದೆ ಒಳಗೆ ಹೋದೆ.

ತೂಕ ಹಾಕುವುದು ಹೇಗೋ ನಡೆಯಿತು. ಸಕ್ಕರೆ ಮೂಟೆ ತೂಗುವ ತಕ್ಕಡಿಯ ಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದೆವು. "ನನ್ನೂ ಮೂಟೆ ಕಟ್ಬುಡ್ರಪ್ಪ, ರೈಲ್ಗೆ ಹಾಕಿ" ಎಂದು ಕುಣಿದಾಡಿಕೊಂಡು ಬಂದರು. ಮಾವ ಹತ್ತಿದಾಗ ಎಲ್ಲರೂ ಮುಳ್ಳನ್ನೇ ನೋಡುತ್ತಿದ್ದರು. ಅದು ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಕೆಳಗೆ ನಿಂತಿತು. "ತಕ್ಕಡಿ ಕೆಟ್ಟದೆ" ಎಂದು ಮಾವ ಇಳಿದ. ಎಲ್ಲರೂ ಹೌದು ಹೌದು ಎಂದರು. ನಾನೂ ಎಂದೆ. ಅದು ನನ್ನ ದಡ್ಡತನ.

ಬಾಟಲಿಯ ದಿನ ಬಂದವರು ಇಬ್ಬರೇ. ಅವರಲ್ಲಿ ಒಬ್ಬ, ಖಾಲಿ ಬಾಟಲಿ ಇದ್ದರೆ ಹರಳೆಣ್ಣೆಗೆ ಬೇಕಿತ್ತೆಂದು ಕೇಳಿಕೊಂಡು ಹೋದ. ಬಾರದೆ ಇದ್ದದ್ದು ನಾಚಿಕೆಗಷ್ಟೇ ಎಂದು ನಾನು ತಿಳಿದಿದ್ದೆ. ನಿಜವಾದ ಭಯ ಬೇರೆ ಇತ್ತು. ಹಂಗಾಮಿನ ಕೊನೆಯಲ್ಲಿ ಕೆಲವರನ್ನು ಕಾಯಂ ಮಾಡುವುದೆಂದು ಮಿಲ್ಲಿನ ಮ್ಯಾನೇಜರು ಹೇಳಿದ್ದರು. ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಹತ್ತು ಹಂಗಾಮು ದುಡಿದರೂ ಪ್ರತಿ ವರ್ಷ ಹೊಸಬನ ಹಾಗೆ ಗೇಟಿನಲ್ಲಿ ನಿಲ್ಲಬೇಕಾಗಿದ್ದ ಮಾವನ ಹೆಸರೇ ಆ ಪಟ್ಟಿಯಲ್ಲಿ ಮೊದಲು. ಬಾಟಲಿಯಲ್ಲಿ ಏನಾದರೂ ಸಿಕ್ಕರೆ ಗೇಟಿನಿಂದ ಹೊರಗೆ ಎಂದು ಎಲ್ಲರೂ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದರು.

ಮುಂದಿನ ಮಂಗಳವಾರ ಆಶ್ಚರ್ಯವಾಯಿತು. ಬೆಳಗಿನ ಮಂಜು ಹೊಳೆಯ ಮೇಲಿಂದ ಇನ್ನೂ ಎದ್ದಿರಲಿಲ್ಲ, ಕಬ್ಬಿನ ಗಾಡಿಗಳು ಗೇಟಿನಲ್ಲಿ ಸಾಲುಗಟ್ಟಿದ್ದವು. ಅಷ್ಟರಲ್ಲೇ ಒಬ್ಬರ ಹಿಂದೆ ಒಬ್ಬರು ಪ್ರಯೋಗಶಾಲೆಗೆ ಬರತೊಡಗಿದರು. ಪಂಚೆಯ ಮಡಿಲಲ್ಲಿ ಬಾಟಲಿ, ಮುಖದಲ್ಲಿ ಮದುವೆಗೆ ಬಂದವರ ಕಳೆ. "ತಕಳಿ ಬಿ.ಎಸ್ಸಿ. ಗೌಡ್ರೇ, ನೋಡ್ಕಳಿ." ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಮೂವತ್ತೆರಡು ಬಾಟಲಿ. ನಾನು ಎದೆಯುಬ್ಬಿಸಿಕೊಂಡು ಸಿದ್ದೇಗೌಡನ ಬಳಿ ಹೋಗಿ, "ಕತ್ತಿ ಮಸೀಲಾ?" ಎಂದೆ. ಅವನು ತುಟಿ ಕಚ್ಚಿಕೊಂಡು ನಕ್ಕ. ಆ ನಗುವಿನಲ್ಲೇ ನನಗೆ ಗೊತ್ತಾಗಬೇಕಿತ್ತು.

ಪರೀಕ್ಷೆ ದೊಡ್ಡದೇನಲ್ಲ. ಪ್ರನಾಳದಲ್ಲಿ ನೀಲಿ ದ್ರಾವಣ, ಅದಕ್ಕೆ ಕೆಲವು ತೊಟ್ಟು ಮೂತ್ರ, ಆಮೇಲೆ ದೀಪದ ಮೇಲೆ ಕುದಿಸಬೇಕು. ನೀಲಿ ಉಳಿದರೆ ಚಿಂತೆಯಿಲ್ಲ. ಸಕ್ಕರೆ ಇದ್ದರೆ ಹಸಿರಾಗಿ, ಹಳದಿಯಾಗಿ, ಬಹಳ ಇದ್ದರೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಮೊದಲನೆಯದು ಕೆಂಪಾಯಿತು. ಅಯ್ಯೋ ಪಾಪ ಎಂದುಕೊಂಡೆ. ಎರಡನೆಯದೂ ಕೆಂಪು. ಐದನೆಯದಕ್ಕೆ ಪ್ರನಾಳವನ್ನು ಮತ್ತೊಮ್ಮೆ ತೊಳೆದೆ. ಹತ್ತನೆಯದರ ಹೊತ್ತಿಗೆ ನನ್ನ ದ್ರಾವಣವೇ ಕೆಟ್ಟಿದೆಯೆಂದು ನಾನೇ ಹಿಂದಿನ ಬಾಗಿಲಿಂದ ಹೋಗಿ ನನ್ನದನ್ನೇ ತಂದು ಕುದಿಸಿದೆ. ಒಳ್ಳೆಯ ನೀಲಿ. ಡಾಕ್ಟರು ಬಂದರು. ಅವರೂ ಒಂದು ಖಾಲಿ ಬಾಟಲಿ ತೆಗೆದುಕೊಂಡು ಹೋಗಿ ಬಂದರು. ಅವರದೂ ನೀಲಿ. ಮೇಜಿನ ಮೇಲೆ ಮಾತ್ರ ಇಟ್ಟಿಗೆ ಗೂಡು ಹಾಕಿದ ಹಾಗೆ ಸಾಲು ಸಾಲು ಕೆಂಪು.

"ಇಡೀ ಮಿಲ್ಲಿಗೇ ಬಂತೇನಯ್ಯಾ ಇದು?" ಎಂದು ಡಾಕ್ಟರು ಕುರ್ಚಿಯಲ್ಲಿ ಕುಸಿದರು.

ಆಗ ನನ್ನ ತಲೆ ಓಡಿತು. ಕಬ್ಬಿನ ಹಾಲು ಎಷ್ಟು ಗಟ್ಟಿ ಎಂದು ನೋಡುವುದು ನನ್ನ ದಿನನಿತ್ಯದ ಕೆಲಸ. ಗಾಜಿನ ತೇಲುಕಡ್ಡಿ ಬಿಟ್ಟರೆ ಅದು ಮುಳುಗಿದ ಗೆರೆಯಲ್ಲಿ ಲೆಕ್ಕ ಸಿಗುತ್ತದೆ. ಅಂಥದ್ದೇ ಒಂದು ಚಿಕ್ಕ ಕಡ್ಡಿ ಡಾಕ್ಟರ ಚೀಲದಲ್ಲಿತ್ತು. ಬಾಟಲಿ ಬಾಟಲಿಗೂ ಬಿಟ್ಟು ನೋಡಿದೆ. ಎಲ್ಲದರಲ್ಲೂ ಹೆಚ್ಚು ಕಡಿಮೆ ಅದೇ ಗೆರೆ.

"ಸಾರ್, ಇದು ಮೂವತ್ತೆರಡು ಜನದ್ದಲ್ಲ. ಒಬ್ಬನದೇ."

ಡಾಕ್ಟರು ನಕ್ಕ ನಗುವಿಗೆ ಪೇಟ ಬಿತ್ತು. ನಾನೂ ನಕ್ಕೆ. ಮಿಲ್ಲಿನ ಪೆದ್ದ ಜನ, ಆರೋಗ್ಯವಂತ ಎಂದು ನಂಬಿದ ಒಬ್ಬನನ್ನು ಹಿಡಿದು ಎಲ್ಲರ ಬಾಟಲಿಯನ್ನೂ ಅವನ ಕೈಲಿ ತುಂಬಿಸಿದ್ದರು! ಪೇಟ ಎತ್ತಿಕೊಳ್ಳಲು ಬಗ್ಗಿದ ಡಾಕ್ಟರು ಹಾಗೆಯೇ ನಿಂತರು. ನಗು ಹೋಗಿತ್ತು.

"ಒಂದು ಬೆಳಗ್ಗೆ ಒಬ್ಬನೇ ಮನುಷ್ಯ ಮೂವತ್ತೆರಡು ಬಾಟಲಿ ತುಂಬಿಸಿದನೇ? ಅದೂ ಈ ಕಾಯಿಲೆಯ ಲಕ್ಷಣವೇ ಕಣಯ್ಯಾ. ಯಾರು ಆತ?"

ಇಡೀ ಮಿಲ್ಲಿನಲ್ಲಿ ಎಲ್ಲರೂ ಗಟ್ಟಿಮುಟ್ಟು ಎಂದು ಕಣ್ಣು ಮುಚ್ಚಿ ನಂಬುವ ಮನುಷ್ಯ ಒಬ್ಬನೇ ಇದ್ದ. ಗೊತ್ತಿಲ್ಲ ಸಾರ್, ವಿಚಾರಿಸ್ತೀನಿ ಎಂದೆ.

ಹೊರಗೆ ಬಂದರೆ ಸಿದ್ದೇಗೌಡ ಕಾದಿದ್ದ. ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. ಕೆಂಪು ಬಂದಿದೆ ಎಂದು ಹೇಳಿದಾಗ ಪಾಪ, ತಲೆಯ ಮೇಲೆ ಕೈ ಹೊತ್ತು ಕೂತ. "ಪೈಲ್ವಾನಂದು ಅಂದ್ರೆ ಗಂಗೆ ಇದ್ದಂಗೆ ಅಂತ ನಾನೇ ಎಲ್ರನ್ನೂ ಬಾಯ್ಲರ್ ಹಿಂದಕ್ಕೆ ಕಳ್ಸಿದ್ದು ಕಣ್ಲಾ. ಕೇಳ್ದಷ್ಟೂ ಕೊಟ್ಟ." ಆಮೇಲೆ ನನ್ನ ತೋಳು ಹಿಡಿದ. "ಯಾರ್ದು ಅಂತ ಡಾಕ್ಟ್ರುಗೆ ಗೊತ್ತಿಲ್ವಲ್ಲ? ಬುಟ್ಬುಡು. ನಿಮ್ಮಾವುಂದು ನೀಲಿ ಅಂತ ಬರ್ಕೊ. ಕಾಯಂ ಆಗ್ಲಿ. ನಿನ್ ಕೈಲದೆ."

ಹೌದು, ನನ್ನ ಕೈಯಲ್ಲೇ ಇತ್ತು. ಒಂದು ಗೀಟು ಎಳೆದರೆ ಮಾವ ಕಾಯಂ. ಆದರೆ ನನಗೆ ಚೆನ್ನಯ್ಯ ಊರುಗೋಲು ಹಿಡಿದು ಗೇಟಿನ ಮುಂದೆ ಹೋಗುವುದು ಕಣ್ಣಿಗೆ ಕಟ್ಟಿತ್ತು. ಸುಳ್ಳು ಬರೆಯಲಿಕ್ಕೆ ಮಾವ ನನ್ನನ್ನು ಓದಿಸಿರಲಿಲ್ಲ. ಸೀದಾ ಮನೆಗೆ ಹೋದೆ.

ಮಾವ ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಿದ್ದ. ಚೊಂಬು ಇಳಿಸಿ, ಮತ್ತೆ ತುಂಬಿಸಿ, ಮತ್ತೆ ಕುಡಿದ. ಎಡಗಾಲಿನ ಹಿಮ್ಮಡಿಗೆ ಅರಿಶಿನ ಮೆತ್ತಿದ ಒಂದು ಬಟ್ಟೆ ಸುತ್ತಿತ್ತು. ಅದು ಎರಡು ತಿಂಗಳಿಂದ ಇದ್ದದ್ದು ಆಗ ನೆನಪಾಯಿತು.

"ಬಾಟ್ಲಿ ತುಂಬ್ಸಿದ್ದು ನೀನೇನಾ ಮಾವ?"

"ನಾನೇ ಕಣ್ಲಾ. ಉಡುಗ್ರು ಪಾಪ ಎದ್ರುಕಂಡಿದ್ವು. ಇನ್ನೂ ಬೇಕಾ?" ಎಂದು ನಕ್ಕ.

ಹೇಳಿದೆ. ಮಾವ ಕೈಲಿದ್ದ ಚೊಂಬನ್ನು ದೂರ ಸರಿಸಿದ. ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಿದ್ದ ಅತ್ತೆ ಸುಮ್ಮನಿರಲಿಲ್ಲ. "ನಾನೇಳ್ನಿಲ್ವಾ? ಕೊಡಗಟ್ಲೆ ನೀರು ಕುಡ್ದು, ಸೊರಗ್ತಾ ಅವ್ನೆ ಅಂದೆ. ತಕ್ಕಡಿ ಕೆಟ್ಟದಂತೆ, ತಕ್ಕಡಿ! ಮಗ, ಏನ್ ಮಾಡ್ಬೇಕೇಳು. ಮದ್ದಿದ್ರೆ ಬೆಟ್ಟದ ಮೇಲಿದ್ರೂ ತತ್ತೀನಿ."

"ಮದ್ದಿಗಿಂತ ಬಾಯಿ ಕಟ್ಟೋದೇ ಹೆಚ್ಚು ಅಂತಾರೆ ಡಾಕ್ಟ್ರು. ಪಾಕ ನೆಕ್ಕಂಗಿಲ್ಲ, ಹಾಲು ಕುಡಿಯಂಗಿಲ್ಲ."

"ಅಂಗಾರೆ ಕೆಲ್ಸ ಎಂಗ್ಲಾ ಮಾಡ್ಲಿ? ನಾಲ್ಗೆಲೇ ಅಲ್ವಾ ನನ್ ಕೆಲ್ಸ ಇರೋದು?" ಮಾವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ನಾನು ಡಾಕ್ಟರ ಬಳಿ ಓಡಿದೆ. ಹೆಸರು ಹೇಳುವ ಮೊದಲು ಒಂದು ಮಾತು ಕೇಳಿದೆ: ಬಾಟಲಿಯಲ್ಲಿ ಏನೇ ಸಿಕ್ಕರೂ ಯಾರನ್ನೂ ಹೊರಗೆ ಹಾಕುವುದಿಲ್ಲ ಎಂದು ಮ್ಯಾನೇಜರು ಎಲ್ಲರ ಮುಂದೆ ಹೇಳಬೇಕು. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೇಟ ಸರಿಮಾಡಿಕೊಂಡು ಮ್ಯಾನೇಜರ ಕೋಣೆಗೆ ಹೋದರು. ಗಾಜಿನ ಬಾಗಿಲಿನ ಆಚೆ ಅವರ ಕೈಗಳು ಮೇಲೆ ಕೆಳಗೆ ಆಡುವುದಷ್ಟೇ ಕಾಣುತ್ತಿತ್ತು. ಅರ್ಧ ಗಂಟೆಯ ಮೇಲೆ ಹೊರಬಂದು, "ಒಪ್ಪಿದಾರೆ. ಸಕ್ಕರೆ ಹತೋಟಿಯಲ್ಲಿದ್ದರೆ ಸರ್ಟಿಫಿಕೇಟು ಕೊಡೋದಕ್ಕೆ ನನ್ನ ಅಡ್ಡಿ ಇಲ್ಲ. ಹಂಗಾಮು ಮುಗಿಯೋತನಕ ವಾಯಿದೆ. ಈಗ ಹೇಳು, ಯಾರು?" ಎಂದರು.

ಹೇಳುವ ಪ್ರಮೇಯ ನನಗೆ ಬರಲಿಲ್ಲ. ಮಾರನೆಯ ದಿನ ಪಾಳಿ ಬದಲಾಗುವ ಹೊತ್ತಿಗೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಮ್ಯಾನೇಜರು ಮಾತು ಮುಗಿಸುತ್ತಲೇ ಮಾವ ಜನರನ್ನು ಸರಿಸಿಕೊಂಡು ಬಂದು ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತ.

"ಲೇ, ಕೇಳ್ರಲಾ! ತಕ್ಕಡಿ ಕೆಟ್ಟಿಲ್ಲ, ಕೆಟ್ಟಿರೋನು ನಾನು. ನಂಗೆ ಸಕ್ರೆ ಕಾಯ್ಲೆ ಅದೆ. ನೀವು ಮೂವತ್ತೆರಡು ಜನಾನೂ ಕೊಟ್ಟಿದ್ದು ನನ್ ಕಾಯ್ಲೆನೇ ಕಣ್ರಲಾ. ನನ್ ಅಳಿಯ ಕಂಡಿಡ್ದ. ಈಗ ಮರ್ವಾದೆಯಿಂದ ಅವರವರ್ದು ಅವರವ್ರು ತಂದ್ಕೊಡಿ. ನಿಮ್ದು ಎಂಗದೆ ಅಂತ ನಿಮ್ಗಾದ್ರೂ ಗೊತ್ತಾ?"

ಯಾರೋ ಹಿಂದಿನಿಂದ ಕೂಗಿದ: "ಮೇಸ್ತ್ರಿ ಮೀಸೆ ಬೋಳಿಸ್ದ್ರೆ ನಾನ್ ಕೊಡ್ತೀನಿ!" ಇಡೀ ಅಂಗಳ ನಕ್ಕಿತು. ಆ ವಾರ ಬಾಟಲಿ ತಂದವರು ಮೂವತ್ತೆರಡಲ್ಲ, ಕಬ್ಬಿನ ಗಾಡಿ ತೂಗುವ ಕಾಟಾದ ಮನೆಯ ಗುಮಾಸ್ತನಿಂದ ಗೇಟಿನ ಪಹರೆಯವನವರೆಗೆ ಎಲ್ಲರೂ. ಸಾಲು ಗೇಟಿನ ಹೊರಗೆ ಹೋಗಿ ಗಾಡಿ ಎತ್ತುಗಳಿಗೆ ದಾರಿಯಿಲ್ಲದಂತಾಯಿತು. ಎಲ್ಲರಿಗಿಂತ ಕೊನೆಗೆ ಬಂದವನು ಸಿದ್ದೇಗೌಡ. ಅವನದು ಆಕಾಶದಂಥ ನೀಲಿ. ಆ ಪ್ರನಾಳವನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸುತ್ತೇನೆಂದು ಹಠ ಹಿಡಿದ. ಕೊಟ್ಟು ಕಳಿಸಿದೆ. ಅರ್ಧ ಮೀಸೆ ಬೋಳಿಸಲು ಜನ ಅವನನ್ನು ಹೊತ್ತುಕೊಂಡೇ ಹೋದರು. ಕ್ಷೌರಿಕ ಅಂಥ ಪಾಪಕ್ಕೆ ಕೈ ಹಾಕಲಾರೆನೆಂದು ಪೂರ್ತಿ ತೆಗೆದುಬಿಟ್ಟ. ಮೀಸೆಯಿಲ್ಲದ ಸಿದ್ದೇಗೌಡನನ್ನು ಎರಡು ದಿನ ಪಹರೆಯವನು ಒಳಗೆ ಬಿಡಲಿಲ್ಲ.

ಮಾವನಲ್ಲದೆ ಇನ್ನೂ ನಾಲ್ವರಲ್ಲಿ ಸಕ್ಕರೆ ಸಿಕ್ಕಿತು. ಐವರಿಗೂ ಡಾಕ್ಟರು ಒಂದೇ ಕಟ್ಟಳೆ ಹಾಕಿದರು: ಅಳತೆಯ ಊಟ, ಸೊಪ್ಪು, ಹುರುಳಿ, ದಿನಾ ಬೆಳಿಗ್ಗೆ ಸೋಮನಹಳ್ಳಿಯ ದಾರಿಯಲ್ಲಿ ನಡಿಗೆ. ಮಾವನ ಮುದ್ದೆಯ ಗಾತ್ರ ಅರ್ಧಕ್ಕಿಳಿಯಿತು. "ಇದು ಮುದ್ದೆನೋ ಗೋಲಿನೋ?" ಎಂದು ಅವನು ತಟ್ಟೆ ನೋಡಿದರೆ, "ಗೋಲಿನೇ. ಆಟ ಆಡ್ಕಂಡು ತಿನ್ನು" ಎನ್ನುತ್ತಿದ್ದಳು ಅತ್ತೆ. ನಡಿಗೆಗೆ ನಾನೂ ಜೊತೆಗೆ ಹೋಗುತ್ತಿದ್ದೆ. ವಾಪಸು ಬರುವಾಗ ಮದ್ದೂರು ಸ್ಟೇಷನ್ನಿನ ವಡೆಯ ವಾಸನೆ ಬಂದಲ್ಲಿ ಐವರೂ ಮೂಗು ಮುಚ್ಚಿಕೊಂಡು ಓಡುತ್ತಿದ್ದರು, ರೈಲು ಕಾಯುತ್ತಿದ್ದವರು ಏನಾಯಿತೆಂದು ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು.

ಕಷ್ಟವಾದದ್ದು ಪಾಕದ ಕೆಲಸ. ಬೆರಳು ತಾನಾಗಿ ಬಾಯಿಗೆ ಹೋಗುತ್ತಿತ್ತು, ಮಾವನಿಗೆ ತಿಳಿಯುತ್ತಲೇ ಇರಲಿಲ್ಲ. ಕೊನೆಗೆ ಅತ್ತೆಯೇ ಒಂದು ಟವಲು ತಂದು ಕುದುರೆಗೆ ಕಟ್ಟುವ ಹಾಗೆ ಅವನ ಬಾಯಿಗೆ ಕಟ್ಟಿದಳು. ನಾನು ಗಾಜಿನ ಚೂರು ಕೊಟ್ಟೆ. ಅದರ ಮೇಲೆ ಪಾಕ ಸವರಿ ಬೆಳಕಿಗೆ ಹಿಡಿದರೆ ಕಾಳು ಕಾಣುತ್ತದೆ. ಮೊದಲ ವಾರ ಎರಡು ಸಲ ತಪ್ಪಿತು, ಮ್ಯಾನೇಜರು ಮುಖ ಗಂಟಿಕ್ಕಿದರು. ಮಾವ ಹಲ್ಲು ಕಚ್ಚಿ ಮುಂದುವರಿಸಿದ. ಸಂಕ್ರಾಂತಿಯ ಹೊತ್ತಿಗೆ ಕಣ್ಣಿಗೆ ಆ ಲೆಕ್ಕ ಹತ್ತಿತು. ಒಂದು ದಿನ ಟವಲಿನೊಳಗಿಂದಲೇ "ಇಳುಸ್ರಲಾ" ಎಂದು ಗುಡುಗಿದ. ಹೊರಬಂದ ಸಕ್ಕರೆ ಮುತ್ತಿನಂತಿತ್ತು.

ವಾರಕ್ಕೊಮ್ಮೆ ಅವನ ಬಾಟಲಿ ಕುದಿಸುತ್ತಿದ್ದೆ. ಕೆಂಪು ಹೋಗಿ ಕಿತ್ತಳೆ, ಆಮೇಲೆ ಹಳದಿ. ಹಿಮ್ಮಡಿಯ ಗಾಯ ಒಣಗಿ ಬಟ್ಟೆ ಬಿಚ್ಚಿದ ದಿನ ಅತ್ತೆ ಮುತ್ತತ್ತಿಯ ಆಂಜನೇಯನಿಗೆ ಕೈ ಮುಗಿದಳು. ಶಿವರಾತ್ರಿ ಕಳೆದು ಬಿಸಿಲು ಚುರುಕಾಗುವ ಹೊತ್ತಿಗೆ ಪ್ರನಾಳದಲ್ಲಿ ಹಸಿರು ಉಳಿಯಿತು. ಹಂಗಾಮು ಮುಗಿಯಲು ಒಂದೇ ವಾರವಿತ್ತು, ಹಸಿರು ಕದಲಲಿಲ್ಲ. ಕೊನೆಯ ಮಂಗಳವಾರ ಡಾಕ್ಟರ ಎದುರಿಗೇ ಕುದಿಸಿದೆ. ದ್ರಾವಣ ಬುಳಬುಳ ಎಂದಿತು. ಕಾದೆವು. ತಣ್ಣಗಾಗುವವರೆಗೂ ಕಾದೆವು. ನೀಲಿ. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕಾಯಿಲೆ ಹೋಯಿತು ಅಂತಲ್ಲ, ಮಲಗಿದೆ. ಎಬ್ಬಿಸದೆ ಇರಲಿ, ತಿಂಗಳಿಗೊಮ್ಮೆ ನೋಡ್ತಾ ಇರು" ಎಂದು ಹೇಳಿ ಲೇಖನಿ ತೆಗೆದರು.

ಸರ್ಟಿಫಿಕೇಟನ್ನು ಡಾಕ್ಟರು ತಾವೇ ಕೊಡಬಹುದಿತ್ತು. "ನೀನೇ ಕೊಡಯ್ಯಾ" ಎಂದರು. ಮನೆಗೆ ಹೋದೆ. ಮಾವ ಜಗಲಿಯಿಂದ ಎದ್ದು, ಟವಲಿನಿಂದ ಎರಡೂ ಕೈ ಒರೆಸಿಕೊಂಡು, ಪ್ರಸಾದಕ್ಕೆ ಒಡ್ಡಿದ ಹಾಗೆ ಒಡ್ಡಿದ. ಕಾಗದ ಇಟ್ಟೆ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದೆ: ಈ ಮನುಷ್ಯ ಎಂಥ ದುಡಿಮೆಗೂ ತಕ್ಕವನು, ಕಾಯಂ ಮಾಡಲು ಅಡ್ಡಿಯಿಲ್ಲ. ಅತ್ತೆ ಬಂದು ಅವನ ಕೈಯಿಂದ ಕಾಗದ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಂತಾ ದುಡಿಮೆಗೂ ಅಂತ ಬರ್ದವ್ರಾ ಮಗ? ಅಂಗಾರೆ ಹಿತ್ಲಲ್ಲಿ ಬಿದ್ದಿರೋ ಆ ಬೇವಿನ ಕೊರಡು ನಾಳೆ ಒತ್ತಾರೆ ಸೀಳಾಕ್ಲಿ. ಇನ್ಮೇಕೆ ಸೊಂಟ ನೋವು, ಮಂಡಿ ನೋವು ಅಂದ್ರೆ ಈ ಕಾಗ್ದ ತಂದು ಮುಂದಿಡ್ತೀನಿ."